ಎದ್ದು ಹೋದವರ ಪರವಾಗಿ

2023ರ ಜೂನ್ ತಿಂಗಳಲ್ಲಿ ತಂಗಿಯ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಅಲ್ಲಿನ ವಿಂಡಮ್ಸ್ ರಂಗಮಂದಿರದಲ್ಲಿ ‘ಒಕ್ಲಹೋಮಾ!’ ನೋಡಿದೆ. ವಿದೇಶ ಪ್ರವಾಸಕ್ಕೆ ಕಚೇರಿಯ ಅನುಮತಿ ಪತ್ರ ಕೈಸೇರುವಷ್ಟರಲ್ಲಿ ಅಗ್ಗದ ಟಿಕೆಟುಗಳೆಲ್ಲ ಮುಗಿದುಹೋಗಿದ್ದವು. ತಂಗಿಯೇ ತನ್ನ ಕೈಯಿಂದ ದುಬಾರಿ ಟಿಕೆಟು ಕೊಂಡಿದ್ದಳು. ನನ್ನ ಎಡಗಡೆ ಎಂಬತ್ತರ ಆಸುಪಾಸಿನ ದಂಪತಿಗಳು ಕುಳಿತಿದ್ದರು. ಮೊದಲ ಹಾಡು ಆರಂಭವಾದಾಗ ಆ ಅಜ್ಜಿ ತುಟಿಯಾಡಿಸುತ್ತ ಜೊತೆಗೂಡಿದರು. ಎರಡನೆಯ, ಮೂರನೆಯ ಹಾಡಿಗೂ ಪ್ರಯತ್ನಿಸಿದರು. ಆಮೇಲೆ ತುಟಿ ನಿಂತಿತು. ಮಧ್ಯಂತರದಲ್ಲಿ ಆಕೆ ಕೈಚೀಲ ಎತ್ತಿಕೊಂಡು, ಗಂಡನನ್ನು ಮೆಲ್ಲಗೆ ಎಬ್ಬಿಸಿ, ನಮ್ಮ ಮೊಣಕಾಲುಗಳನ್ನು ದಾಟುವಾಗ ಒಬ್ಬೊಬ್ಬರಿಗೂ ಕ್ಷಮೆ ಕೇಳುತ್ತ ಹೊರಟುಹೋದರು. ಮರಳಿ ಬರಲಿಲ್ಲ. ಎರಡನೆಯ ಅಂಕದುದ್ದಕ್ಕೂ ನನ್ನ ಪಕ್ಕದಲ್ಲಿ ಎರಡು ಖಾಲಿ ಕುರ್ಚಿಗಳು. ರಂಗದ ಮೇಲೆ ನಡೆಯುತ್ತಿದ್ದುದು ನನ್ನನ್ನು ಹಿಡಿದು ಅಲ್ಲಾಡಿಸುತ್ತಿತ್ತು, ನಿಜ. ಆದರೂ ಕಣ್ಣು ಆಗಾಗ ಆ ಕುರ್ಚಿಗಳ ಕಡೆಗೆ ಹೊರಳುತ್ತಿತ್ತು. ಅದಕ್ಕೊಂದು ಹಳೆಯ ಕಾರಣವಿದೆ, ಮುಂದೆ ಹೇಳುತ್ತೇನೆ.

ನಾಟಕದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ರಿಚರ್ಡ್ ರಾಜರ್ಸ್ ಅವರ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಅವರ ಮಾತು ಮತ್ತು ಹಾಡು. ಈ ಜೋಡಿ ಒಟ್ಟಾಗಿ ಮಾಡಿದ ಮೊದಲ ಕೃತಿ ಇದು. 1943ರ ಮಾರ್ಚ್ 31ರಂದು ನ್ಯೂಯಾರ್ಕಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಮೊದಲ ಪ್ರಯೋಗ. ಆ ನಂತರ ಅಲ್ಲಿಯೇ 2,212 ಪ್ರಯೋಗಗಳು. ಕಥೆ ನಡೆಯುವುದು 1906ರಲ್ಲಿ, ಒಕ್ಲಹೋಮಾ ಇನ್ನೂ ರಾಜ್ಯವಾಗಿರದ ಕಾಲದಲ್ಲಿ. ಲೋರಿ ಎಂಬ ಹೊಲದೊಡತಿ, ಅವಳನ್ನು ಬಯಸುವ ಕರ್ಲಿ ಎಂಬ ದನಗಾಹಿ, ಅವಳ ಹೊಲದಲ್ಲಿ ಕೂಲಿಗಿದ್ದು ಹೊಗೆಮನೆಯಲ್ಲಿ ಮಲಗುವ ಜಡ್ ಎಂಬ ಒಂಟಿ ಮನುಷ್ಯ. ಊರಿನ ಕೂಟಕ್ಕೆ ಲೋರಿ ಯಾರ ಜೊತೆ ಹೋಗುವಳು ಎಂಬಷ್ಟೇ ಕಥೆ. ಕೊನೆಗೆ ಕರ್ಲಿ ಮತ್ತು ಲೋರಿಯ ಮದುವೆಯಾಗುತ್ತದೆ, ಜಡ್ ಕುಡಿದು ಬಂದು ಜಗಳ ತೆಗೆಯುತ್ತಾನೆ, ತನ್ನದೇ ಚಾಕುವಿನ ಮೇಲೆ ಬಿದ್ದು ಸಾಯುತ್ತಾನೆ, ಊರವರು ನಿಂತ ನಿಲುವಿನಲ್ಲೇ ವಿಚಾರಣೆ ನಡೆಸಿ ಕರ್ಲಿಯನ್ನು ಬಿಡುಗಡೆ ಮಾಡುತ್ತಾರೆ, ವಧೂವರರು ಗಾಡಿ ಹತ್ತುತ್ತಾರೆ.

1943ರಲ್ಲಿ ಈ ಸರಳ ಕಥೆ ಏನು ಮಾಡಿರಬಹುದೆಂದು ಊಹಿಸಬೇಕಾದರೆ ಯುದ್ಧವನ್ನು ನೆನೆಯಬೇಕು. ಸಮುದ್ರದಾಚೆಯ ರಣರಂಗಕ್ಕೆ ಹೊರಟ ಸೈನಿಕರು ಸಮವಸ್ತ್ರದಲ್ಲೇ ಬಂದು, ಎಷ್ಟೋ ಬಾರಿ ಹಿಂದೆ ನಿಂತುಕೊಂಡು ಈ ನಾಟಕ ನೋಡುತ್ತಿದ್ದರು. ಪರದೆ ಎದ್ದರೆ ಕುಣಿಯುವ ಹುಡುಗಿಯರ ಸಾಲು ಕಾಣಬೇಕೆಂಬುದು ಅಂದಿನ ವಾಡಿಕೆ. ಇಲ್ಲಿ ಕಂಡದ್ದು ಬೆಣ್ಣೆ ಕಡೆಯುತ್ತ ಕುಳಿತ ಒಬ್ಬ ಹೆಂಗಸು, ಕೇಳಿದ್ದು ರಂಗದಾಚೆಯಿಂದ ಬರುವ ಒಂದು ಗಂಡುದನಿ. ನಾಳೆ ಬದುಕಿರುತ್ತೇವೆಯೋ ಇಲ್ಲವೋ ಎಂಬವರಿಗೆ ಆ ಮುಂಜಾವು, ಆ ಬೆಣ್ಣೆ, ಆ ದನಿ ಏನಾಗಿದ್ದಿರಬೇಕು! 1947ರಲ್ಲಿ ನಾಟಕ ಲಂಡನ್ನಿಗೆ ಬಂದಾಗ ಅಲ್ಲಿ ಇನ್ನೂ ಪಡಿತರ ಚೀಟಿಯ ಕಾಲ. ನನ್ನ ಪಕ್ಕದ ಅಜ್ಜಿ ಆಗ ಎಳೆಯ ಹುಡುಗಿ. ಆಕೆ ಆ ಪ್ರಯೋಗವನ್ನು ನೋಡಿದ್ದರೇ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು. ಅಪ್ಪನೋ ಅಮ್ಮನೋ ಅಡುಗೆಮನೆಯಲ್ಲಿ ಗುನುಗಿದ್ದನ್ನಾದರೂ ಕೇಳಿ ಬೆಳೆದಿರಬಹುದು.

ನನಗಂತೂ ಈ ನಾಟಕ ಸಿಕ್ಕಿದ್ದು ಎಂ.ಎ. ಓದುವಾಗ, 1955ರ ಚಲನಚಿತ್ರದ ಮೂಲಕ. ವಿಭಾಗದ ಪುಟ್ಟ ಟಿ.ವಿ.ಯಲ್ಲಿ, ಸವೆದ ಕ್ಯಾಸೆಟ್ಟಿನಲ್ಲಿ, ಆಳೆತ್ತರದ ಜೋಳದ ಹೊಲ ಮತ್ತು ಬಿಳಿ ಬೇಲಿಗಳನ್ನು ನೋಡಿದೆವು. ಇಬ್ಸನ್, ಓನೀಲ್ ಓದುತ್ತಿದ್ದ ನಮಗೆ ಅದು ಪರೀಕ್ಷೆಗೆ ಬಾರದ ಸಿಹಿತಿಂಡಿ. ಜಡ್ ಪಾತ್ರದ ರಾಡ್ ಸ್ಟೈಗರ್ ಮಾತ್ರ ಆ ಸಿಹಿಯ ನಡುವೆ ಕಲ್ಲಿನಂತೆ ಹಲ್ಲಿಗೆ ಸಿಕ್ಕಿದ್ದ. ಯಾಕೆಂದು ಆಗ ಯೋಚಿಸಲಿಲ್ಲ.

ಆ ಕಲ್ಲನ್ನೇ ಹುಡುಕಿ ಹೊರತೆಗೆದವರು ನಿರ್ದೇಶಕ ಡೇನಿಯಲ್ ಫಿಶ್. 2007ರಲ್ಲಿ ಬಾರ್ಡ್ ಕಾಲೇಜಿನ ವಿದ್ಯಾರ್ಥಿಗಳೊಂದಿಗೆ ಅವರು ಆರಂಭಿಸಿದ ಪ್ರಯೋಗ 2015ರಲ್ಲಿ ಅಲ್ಲಿಯೇ ವೃತ್ತಿಪರ ರೂಪ ಪಡೆಯಿತು, 2018ರಲ್ಲಿ ಬ್ರೂಕ್ಲಿನ್ನಿಗೆ, 2019ರಲ್ಲಿ ಬ್ರಾಡ್‌ವೇಗೆ ಬಂತು, ಆ ವರ್ಷದ ಅತ್ಯುತ್ತಮ ಪುನಃಪ್ರಯೋಗವೆಂದು ಟೋನಿ ಪ್ರಶಸ್ತಿ ಪಡೆಯಿತು. ಏಡೋ ಆನಿಯ ಪಾತ್ರ ಮಾಡಿದ ಆಲಿ ಸ್ಟ್ರೋಕರ್, ಗಾಲಿಕುರ್ಚಿಯಲ್ಲಿ ಕುಳಿತೇ ಟೋನಿ ಗೆದ್ದ ಮೊದಲ ಕಲಾವಿದೆಯಾದರು. 2022ರಲ್ಲಿ ಲಂಡನ್ನಿನ ಯಂಗ್ ವಿಕ್, ಮರುವರ್ಷ ನಾನು ನೋಡಿದ ವಿಂಡಮ್ಸ್. ಅಲ್ಲಿಯೂ ಒಲಿವಿಯೆ ಪ್ರಶಸ್ತಿ. ಒಂದು ಸಂಗತಿ ನನಗೆ ಬಹಳ ಹಿಡಿಸಿತು: 2007ರಲ್ಲಿ ವಿದ್ಯಾರ್ಥಿಯಾಗಿ ಜಡ್ ಪಾತ್ರ ಮಾಡಿದ್ದ ಪ್ಯಾಟ್ರಿಕ್ ವೇಲ್, ಹದಿನಾರು ವರ್ಷಗಳ ಮೇಲೆ ನನ್ನೆದುರಿಗೂ ಅದೇ ಜಡ್ ಆಗಿದ್ದರು. ನಮ್ಮ ಕಂಪನಿ ನಾಟಕಗಳಲ್ಲಿ ಒಬ್ಬ ನಟ ಒಂದೇ ಪಾತ್ರದಲ್ಲಿ ಮುದುಕನಾಗುತ್ತಿದ್ದನಲ್ಲ, ಹಾಗೆ.

ಫಿಶ್ ಮಾಡಿದ್ದೇನು? ಜೋಳದ ಹೊಲವನ್ನು ತೆಗೆದುಹಾಕಿದರು. ದೊಡ್ಡ ವಾದ್ಯವೃಂದದ ಬದಲು ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು ಹಿಡಿದ ಕೆಲವೇ ಮಂದಿಯನ್ನು ಕೂರಿಸಿದರು. ನಟರಿಗೆ ಇಂದಿನ ಉಡುಪು ತೊಡಿಸಿದರು. ಪ್ರೇಕ್ಷಕರ ಮೇಲಿನ ದೀಪಗಳನ್ನು ಬಹುಪಾಲು ಆರಿಸಲೇ ಇಲ್ಲ; ಕತ್ತಲಲ್ಲಿ ಕುಳಿತು ಇನ್ನೊಬ್ಬರ ಬದುಕನ್ನು ಇಣುಕುವ ನಮ್ಮ ಸುಖವನ್ನು ಕಸಿದುಕೊಂಡರು. ಮೊದಲ ಅಂಕದ ಕೊನೆಗೆ ಬರುತ್ತಿದ್ದ, ಆಗ್ನೆಸ್ ಡಿ ಮಿಲ್ ಸಂಯೋಜಿಸಿದ್ದ ಪ್ರಸಿದ್ಧ ಸ್ವಪ್ನನೃತ್ಯ ಇಲ್ಲಿ ಎರಡನೆಯ ಅಂಕದ ಆರಂಭಕ್ಕೆ ಸರಿದು, ಕಿವಿಗಡಚಿಕ್ಕುವ ವಿದ್ಯುತ್ ಗಿಟಾರಿನ ನಡುವೆ ಒಬ್ಬಳೇ ನರ್ತಕಿಯ ಓಟವಾಗಿದೆ.

ಇವೆಲ್ಲ ಹೊರಗಿನ ಮಾತು. ಒಳಗಿನ ಮಾತು ಹೊಗೆಮನೆಯ ದೃಶ್ಯದಲ್ಲಿದೆ. ಕರ್ಲಿ ಜಡ್‌ನ ಕೋಣೆಗೆ ಹೋಗುತ್ತಾನೆ. ನೀನು ನೇಣು ಹಾಕಿಕೊಂಡು ಸತ್ತರೆ ಊರೆಲ್ಲ ಎಷ್ಟು ಅಳುತ್ತದೆ ಗೊತ್ತೇ ಎಂದು ಹಾಡಿನಲ್ಲಿ ವರ್ಣಿಸುತ್ತಾನೆ. ಚಲನಚಿತ್ರದಲ್ಲಿ ಇದು ಹಾಸ್ಯ. ನಾವು ವಿಭಾಗದ ಬೆಂಚುಗಳ ಮೇಲೆ ಬಿದ್ದು ನಕ್ಕಿದ್ದೆವು. ವಿಂಡಮ್ಸ್‌ನಲ್ಲಿ ದೀಪಗಳು ಥಟ್ಟನೆ ಆರಿ ಕಗ್ಗತ್ತಲಾಯಿತು. ಇಬ್ಬರೂ ಪಿಸುಮಾತಿನಲ್ಲಿದ್ದಾರೆ. ಆಮೇಲೆ ಕ್ಯಾಮೆರಾ ಹಿಡಿದ ಜಡ್‌ನ ಮುಖ ಪರದೆಯ ತುಂಬ ಮೂಡಿತು: ತನ್ನ ಸಾವಿಗೆ ಅಳುವವರಿದ್ದಾರೆ ಎಂಬ ಸುಳ್ಳನ್ನು ನಂಬಲು ಹಾತೊರೆಯುವ ಕಣ್ಣುಗಳು. ಒಂದು ಪದವೂ ಬದಲಾಗಿಲ್ಲ. ಪ್ರೀತಿ ಕಾಣದ ಒಬ್ಬ ಕೂಲಿಯಾಳಿಗೆ ಊರಿನ ಮೆಚ್ಚಿನ ಹುಡುಗ ಆತ್ಮಹತ್ಯೆಯನ್ನು ಸೂಚಿಸುತ್ತಿದ್ದಾನೆ ಎಂಬುದು 1943ರಿಂದಲೂ ಆ ಪುಟದಲ್ಲೇ ಇತ್ತು. ನಾವು ನಗುತ್ತಿದ್ದೆವು, ಅಷ್ಟೇ.

ಕೊನೆಯಲ್ಲಿ ಜಡ್ ಮದುವೆಗೆ ಬರುತ್ತಾನೆ. ಉಡುಗೊರೆಯೆಂದು ಕರ್ಲಿಯ ಕೈಗೆ ಪಿಸ್ತೂಲು ಕೊಡುತ್ತಾನೆ. ಕರ್ಲಿ ಸುಡುತ್ತಾನೆ. ವಧೂವರರ ಬಿಳಿಯುಡುಪಿನ ಮೇಲೆ ರಕ್ತ. ಅನಂತರ ಅದೇ ಹಳೆಯ ವಿಚಾರಣೆಯ ಮಾತುಗಳು; ಈಗ ಅವು ಒಂದು ಕೊಲೆಯನ್ನು ಊರಿಗೆ ಊರೇ ಸೇರಿ ಮುಚ್ಚುವ ಮಾತುಗಳಾಗಿ ಕೇಳಿಸುತ್ತವೆ. ಕಾನೂನಿನ ರೀತಿಯಲ್ಲಿ ನಡೆಯೋಣ ಎಂದು ತಕರಾರು ತೆಗೆಯುವವನು ಕಾರ್ಡ್ ಈಲಮ್ ಎಂಬ ಫೆಡರಲ್ ಮಾರ್ಷಲ್ ಒಬ್ಬನೇ. ಮದುವೆಯ ರಾತ್ರಿ ಹುಡುಗನನ್ನು ಜೈಲಿಗೆ ಕಳಿಸುವುದೇ ಎಂದು ಎಲ್ಲರೂ ಅವನ ಬಾಯಿ ಮುಚ್ಚಿಸುತ್ತಾರೆ. ಇಡೀ ನಾಟಕದಲ್ಲಿ ನನ್ನ ಜಾತಿಯವನು ಎಂದು ಅನ್ನಿಸಿದ್ದು ಈ ಬಡಪಾಯಿ ಕೇಂದ್ರ ಸರ್ಕಾರಿ ನೌಕರನೊಬ್ಬನೇ! ಅದಾದ ಮೇಲೆ ಶೀರ್ಷಿಕೆಗೀತೆ, ಹಲ್ಲು ಕಚ್ಚಿ, ನೆಲ ತುಳಿದು, ಕೂಗಿ ಹಾಡುವ ಗೀತೆ. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಇಡೀ ಸಭಾಂಗಣ ಒಂದು ಕ್ಷಣ ಕಲ್ಲಾಗಿತ್ತು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು. ಅವಳ ಪಕ್ಕದವನು ಗಡಿಯಾರ ನೋಡುತ್ತಿದ್ದ.

2021ರ ಕೊನೆಯಿಂದ ಈ ಪ್ರಯೋಗ ಅಮೆರಿಕದ ಊರೂರುಗಳಲ್ಲಿ ಸಂಚರಿಸಿತು. ಅನೇಕ ಕಡೆ ಪ್ರೇಕ್ಷಕರು ಮಧ್ಯಂತರದಲ್ಲಿ ಎದ್ದು ಹೋದರೆಂಬ ವರದಿಗಳು ಬಂದವು. ಅದರ ಬಗ್ಗೆ ನನ್ನಂಥ ಇಂಗ್ಲಿಷ್ ಸಾಹಿತ್ಯ ಓದಿದವರ ಪ್ರತಿಕ್ರಿಯೆ ಮೊದಲೇ ಸಿದ್ಧವಾಗಿರುತ್ತದೆ: ಪಾಪ, ಅವರಿಗೆ ಅರ್ಥವಾಗಲಿಲ್ಲ, ಅವರಿಗೆ ಬೇಕಾದದ್ದು ಜೋಳದ ಹೊಲ. ಈ ತಿರಸ್ಕಾರ ನನಗೆ ಸಮ್ಮತವಿಲ್ಲ. ಎದ್ದು ಹೋದವರಿಗೆ ಅರ್ಥವಾಗಿತ್ತು. ಬಹುಶಃ ಉಳಿದವರಿಗಿಂತ ಚೆನ್ನಾಗಿಯೇ ಅರ್ಥವಾಗಿತ್ತು. ಮೂಲದ ಒಂದೊಂದು ಹಾಡೂ ಕಂಠಪಾಠವಾಗಿರುವವರಿಗಷ್ಟೇ ಈ ಪ್ರಯೋಗದ ಪೆಟ್ಟು ಪೂರ್ಣವಾಗಿ ಬೀಳುವುದು. ಹೊಸದಾಗಿ ಬಂದ ಇಪ್ಪತ್ತರ ಹುಡುಗನಿಗೆ ಇದೊಂದು ಕಠೋರವಾದ ಒಳ್ಳೆಯ ನಾಟಕ. ಅಜ್ಜಿಗೆ ತನ್ನ ಎಂಟು ದಶಕಗಳ ಒಂದು ಮೂಲೆಗೆ ಯಾರೋ ಬಂದು ಬೆಳಕು ಹಾಯಿಸಿದಂತೆ. ಆಕೆ ತೆತ್ತ ಬೆಲೆ ಹೆಚ್ಚಿನದು. ಸೈನಿಕರಿಗೆ ಆ ಮುಂಜಾವಿನ ಹಾಡು ಕೊಟ್ಟ ಧೈರ್ಯ ಸುಳ್ಳಾಗಿರಲಿಲ್ಲವಷ್ಟೇ. ಅದನ್ನು ಅಜ್ಞಾನವೆಂದು ಕರೆಯಲು ನಮಗೆ ಯಾವ ಅಧಿಕಾರ?

ಅವರ ಇನ್ನೊಂದು ದೂರಿನಲ್ಲೂ ಹುರುಳಿದೆ. ಅಮೆರಿಕದ ಊರುಗಳಲ್ಲಿ ರಂಗಮಂದಿರಗಳು ವರ್ಷದ ನಾಟಕಗಳನ್ನೆಲ್ಲ ಒಟ್ಟು ಸೇರಿಸಿ ಚಂದಾ ರೂಪದಲ್ಲಿ ಮಾರುತ್ತವೆ. ಮೊಮ್ಮಗಳನ್ನು ಕರೆದುಕೊಂಡು ಹೋಗೋಣವೆಂದು ಹೆಸರು ನೋಡಿ ಕೊಂಡವರಿಗೆ, ಒಳಗೆ ರಕ್ತ ಮತ್ತು ಗುಂಡಿನ ಸದ್ದು ಎದುರಾದರೆ ಕೋಪ ಬರುವುದು ಸಹಜ. ಭಿತ್ತಿಪತ್ರದ ಮೇಲೆ ಎರಡು ಸಾಲು ಸ್ಪಷ್ಟವಾಗಿ ಬರೆದರೆ ಕಲೆಗೆ ಕುಂದು ಬರುತ್ತದೆಂದು ನನಗೆ ತೋರುವುದಿಲ್ಲ.

ಇನ್ನು ‘ಮೂಲದ ಒಂದು ಮಾತನ್ನೂ ಬದಲಿಸಿಲ್ಲ’ ಎಂಬ ಸಮರ್ಥನೆ. ಈ ಪ್ರಯೋಗವನ್ನು ಮೆಚ್ಚಿದವರೆಲ್ಲ ಇದನ್ನು ಗುರಾಣಿಯಂತೆ ಹಿಡಿಯುತ್ತಾರೆ. ನಾನೂ ಮೆಚ್ಚಿದವನೇ, ಆದರೂ ಈ ಗುರಾಣಿಯಲ್ಲಿ ತೂತಿದೆ. ಚಾಕುವಿನ ಜಾಗಕ್ಕೆ ಪಿಸ್ತೂಲು ಬಂದಿದೆ, ಅಪಘಾತದ ಜಾಗಕ್ಕೆ ಕೊಲೆ ಬಂದಿದೆ. ಕಡತದಲ್ಲಿ ಒಂದಕ್ಷರವನ್ನೂ ತಿದ್ದದೆ, ಒಂದು ಹಾಳೆಯನ್ನು ಮಾತ್ರ ಸ್ಥಳಾಂತರಿಸಿ ಇಡೀ ಟಿಪ್ಪಣಿಯ ಅರ್ಥವನ್ನೇ ತಿರುಗಿಸುವ ವಿದ್ಯೆ ನಮ್ಮ ಕಚೇರಿಗಳಿಗೂ ಗೊತ್ತು. ಫಿಶ್ ಹೊಸ ನಾಟಕವನ್ನೇ ಮಾಡಿದ್ದಾರೆ; ಹಾಗೆಂದು ಒಪ್ಪಿಕೊಂಡರೆ ಅವರ ಸಾಧನೆ ಕಿರಿದಾಗುವುದಿಲ್ಲ. ಅಲ್ಲದೆ ಮೂಲವೆಂದು ನಾವು ಹೇಳುವುದೂ ಮೂಲವಲ್ಲ. ಹ್ಯಾಮರ್‌ಸ್ಟೈನ್ ಆಧರಿಸಿದ್ದು ಲಿನ್ ರಿಗ್ಸ್ ಅವರ ನಾಟಕವನ್ನು, 1931ರಲ್ಲಿ ರಂಗಕ್ಕೆ ಬಂದದ್ದನ್ನು. ರಿಗ್ಸ್ ಅದೇ ನೆಲದಲ್ಲಿ, ಅದು ‘ಇಂಡಿಯನ್ ಟೆರಿಟರಿ’ ಆಗಿದ್ದಾಗ ಹುಟ್ಟಿದವರು, ಚೆರೋಕೀ ರಕ್ತಸಂಬಂಧ ಇದ್ದವರು. ಒಕ್ಲಹೋಮಾ ಎಂಬ ಹೆಸರೇ ಚೋಕ್ಟಾ ಭಾಷೆಯದು. ಆದರೂ 1943ರ ಆ ಸಂಭ್ರಮದ ರಂಗದ ಮೇಲೆ ಒಬ್ಬ ಮೂಲನಿವಾಸಿಯೂ ಇರಲಿಲ್ಲ. ಮೊದಲ ಅಳಿಸುವಿಕೆ ಯಾವುದು, ಮೊದಲ ಬದಲಾವಣೆ ಯಾವುದು ಎಂದು ಎಲ್ಲಿಂದ ಎಣಿಸುತ್ತೀರಿ?

ಶೀರ್ಷಿಕೆಗೀತೆ 1953ರಿಂದ ಒಕ್ಲಹೋಮಾ ರಾಜ್ಯದ ಅಧಿಕೃತ ಗೀತೆ. ಅದನ್ನು ರಕ್ತದ ಕಲೆಯ ಬಟ್ಟೆಯಲ್ಲಿ ನಿಂತು ಅರಚುವಂತೆ ಹಾಡಿದರೆ ಆ ರಾಜ್ಯದವರಿಗೆ ಹೇಗಾಗಬೇಡ! ಹೊರನಾಡಿನಲ್ಲಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೇ, ಎರಡು ನಿಮಿಷ ಮೂವತ್ತು ಸೆಕೆಂಡುಗಳೇ ಎಂದು ಕರ್ನಾಟಕ ಸರ್ಕಾರ 2022ರಲ್ಲಿ ನಿಗದಿಪಡಿಸಿದಾಗ, ಸಿ. ಅಶ್ವತ್ಥ್ ಅವರ ಧಾಟಿಯ ಪರವಾಗಿ ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ಕುವೆಂಪು ಅವರ ಪದಗಳ ಬಗ್ಗೆ ಯಾರದ್ದೂ ತಕರಾರಿರಲಿಲ್ಲ. ಹಾಡುವ ದನಿಯ ಬಗ್ಗೆ ಅಷ್ಟೊಂದು ನೋವು. ಯಾವ ದನಿಯಲ್ಲಿ ಮೊದಲು ಕೇಳಿದೆವೋ ಅದೇ ಹಾಡು, ಉಳಿದದ್ದು ಬೇರೆ ಹಾಡು ಎಂದು ಕಿವಿ ನಂಬಿಬಿಡುತ್ತದೆ. ಊರು ಬಿಟ್ಟು ಬಂದವರ ಕಿವಿ ಇನ್ನೂ ಹಟಮಾರಿ. ಊರಿನಲ್ಲಿರುವವರಿಗೆ ಹಾಡು ಬದಲಾಗುತ್ತ ಹೋಗುತ್ತದೆ; ನಮಗೆ ಅದು ರೈಲು ಹತ್ತಿದ ದಿನದಲ್ಲೇ ನಿಂತಿರುತ್ತದೆ.

ಈಗ ಆ ಹಳೆಯ ಕಾರಣ. ಹತ್ತು ವರ್ಷಗಳ ಹಿಂದೆ ನಾನು ವರ್ಗವಾಗಿದ್ದ ಊರಿನ ಒಂದು ಕನ್ನಡ ಸಂಘದಲ್ಲಿ ‘ಸದಾರಮೆ’ ಆಡಿಸಿದೆವು. ಬೆಳ್ಳಾವೆ ನರಹರಿಶಾಸ್ತ್ರಿಗಳ ನಾಟಕ; ಗುಬ್ಬಿ ವೀರಣ್ಣನವರು ಕಳ್ಳನ ಪಾತ್ರದಿಂದ ಮನೆಮಾತಾದದ್ದು. ಸಂಘದ ಹಿರಿಯರಲ್ಲಿ ಕೆಲವರು ಬಾಲ್ಯದಲ್ಲಿ ಕಂಪನಿ ನಾಟಕದ ಡೇರೆಯ ಮುಂದೆ ಚಾಪೆ ಹಾಸಿ ಕುಳಿತು ಅದನ್ನು ನೋಡಿದ್ದವರು. ನಿರ್ದೇಶನಕ್ಕೆ ಒಪ್ಪಿಕೊಂಡವಳು ಇಪ್ಪತ್ತೈದರ ಒಬ್ಬ ಹುಡುಗಿ, ಅಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡವನ್ನು ಅಮ್ಮನಿಂದ ಕಲಿತವಳು. ಹಾಡುಗಳನ್ನು ಹಾಗೆಯೇ ಉಳಿಸಿದಳು, ಮಾತುಗಳನ್ನೂ. ಆದರೆ ಕಳ್ಳ ಸದಾರಮೆಯನ್ನು ಹೊತ್ತೊಯ್ಯುವ ಪ್ರಸಂಗ ಬಂದಾಗ ಸದಾರಮೆ ನಿಜವಾಗಿ ಹೆದರಿದಳು. ಕಳ್ಳ ತಮಾಷೆಯ ಮಾತನ್ನು ಆಡುತ್ತಿದ್ದಾನೆ, ಇವಳು ನಡುಗುತ್ತಿದ್ದಾಳೆ. ಸಭೆಯಲ್ಲಿ ಅಭ್ಯಾಸಬಲದಿಂದ ಎದ್ದ ನಗು ಅರ್ಧದಲ್ಲೇ ಸತ್ತುಹೋಯಿತು. ಹಿರಿಯರಾದ ರಾಯರೊಬ್ಬರು ಎದ್ದು, ಧೋತರ ಕೊಡವಿ, ಗಟ್ಟಿಯಾಗಿ ‘ಇದು ಸದಾರಮೆಯಲ್ಲ’ ಎಂದು ಹೇಳಿ ಹೊರನಡೆದರು. ಅವರ ಹಿಂದೆ ಇನ್ನೂ ನಾಲ್ಕೈದು ಮಂದಿ.

ನಾನು ಎದ್ದು ಹೋಗಲಿಲ್ಲ. ಕಾರ್ಯಕಾರಿ ಸಮಿತಿಯಲ್ಲಿದ್ದೆ, ಮುಂದಿನ ಸಾಲಿನಲ್ಲಿ ಕುಳಿತು ಕೊನೆಯವರೆಗೂ ನೋಡಿದೆ, ಚಪ್ಪಾಳೆ ತಟ್ಟಿದೆ, ಹೂಗುಚ್ಛ ಕೊಡುವಾಗ ನಕ್ಕೆ. ಮರುದಿನ ಸಮಿತಿಗೆ ಒಂದು ಪತ್ರ ಬರೆದೆ. ಸದಸ್ಯರ ಭಾವನೆಗಳಿಗೆ ಧಕ್ಕೆಯಾಗಿರುವುದನ್ನು ಗಮನದಲ್ಲಿರಿಸಿಕೊಂಡು, ನಿಗದಿಯಾಗಿರುವ ಎರಡನೆಯ ಪ್ರದರ್ಶನವನ್ನು ಮುಂದೂಡುವುದು ಸೂಕ್ತವೆಂದು ತೋರುತ್ತದೆ, ಎಂದು. ಯಾರನ್ನೂ ದೂಷಿಸದ, ಎಲ್ಲಿಯೂ ಬೆರಳು ತೋರದ, ಇಪ್ಪತ್ತು ವರ್ಷದ ನೌಕರಿ ಕಲಿಸಿದ ಭಾಷೆ. ಪ್ರದರ್ಶನ ಮುಂದಕ್ಕೆ ಹೋಯಿತು, ಎಂದರೆ ನಡೆಯಲೇ ಇಲ್ಲ. ಹುಡುಗಿ ಸಂಘಕ್ಕೆ ಬರುವುದನ್ನು ಬಿಟ್ಟಳು. ಪತ್ರ ನನ್ನದೆಂದು ಅವಳಿಗೆ ಯಾರೂ ಹೇಳಲಿಲ್ಲ ಎಂದು ಬಹುಕಾಲ ನಂಬಿಕೊಂಡಿದ್ದೆ.

ವಿಂಡಮ್ಸ್‌ನ ಆ ಖಾಲಿ ಕುರ್ಚಿಗಳು ನನ್ನನ್ನು ಕಾಡಿದ್ದು ಇದಕ್ಕೆ. ಎದ್ದು ಹೋಗುವುದು ಪ್ರೇಕ್ಷಕನ ಹಕ್ಕು, ಹೇಳಬೇಕೆಂದರೆ ಅವನ ಪ್ರಾಮಾಣಿಕವಾದ ವಿಮರ್ಶೆ. ಅವನು ತನ್ನ ಸಂಜೆಯನ್ನೂ ತನ್ನ ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ನಾಟಕ ಮುಂದುವರಿಯುತ್ತದೆ. ಅಜ್ಜಿ ಹೋದ ಮೇಲೂ ಪರದೆ ಎದ್ದಿತು, ಜಡ್ ಸತ್ತ, ಹುಡುಗಿ ಅತ್ತಳು. ಕೊನೆಯವರೆಗೂ ಸಭ್ಯವಾಗಿ ಕುಳಿತು ಮರುದಿನ ಪತ್ರ ಬರೆಯುವವನು ಇನ್ನೊಬ್ಬರ ಸಂಜೆಯನ್ನೂ ಕಸಿಯುತ್ತಾನೆ. ಅಮೆರಿಕದ ಆ ಊರುಗಳಲ್ಲಿ ಎಷ್ಟೇ ಮಂದಿ ಹೊರನಡೆದರೂ ಪ್ರಯೋಗದ ಸಂಚಾರ ನಿಲ್ಲಲಿಲ್ಲ. ನಮ್ಮ ಸಂಘದಲ್ಲಿ ಹೊರನಡೆದವರು ಐದಾರು ಮಂದಿ ಮಾತ್ರ, ನಿಲ್ಲಿಸಿದ್ದು ನನ್ನ ಒಂದು ಹಾಳೆ.

ಊರಿಗೆ ಮರಳಿದ ಮೇಲೆ ಹುಡುಗಿಯ ನಂಬರು ಹುಡುಕಿ ಫೋನು ಮಾಡಿದೆ. ಈಗ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ಪತ್ರದ ವಿಷಯ ಎತ್ತಿದೆ. “ಗೊತ್ತಿತ್ತು ಸರ್, ಭಾಷೆ ನೋಡಿದ ಕೂಡಲೇ ಗೊತ್ತಾಯಿತು” ಎಂದಳು. ನನಗೆ ಮಾತು ಹೊರಡಲಿಲ್ಲ. ಅವಳೇ ಮುಂದುವರಿಸಿದಳು: ನಾಟಕವಾದ ಮರುವಾರ ರಾಯರು ವಿಳಾಸ ಕೇಳಿಕೊಂಡು ಅವಳ ಮನೆಗೆ ಹೋಗಿದ್ದರಂತೆ. ಒಂದು ತಾಸು ಬೈದರಂತೆ. ಅಮ್ಮ ಕಾಫಿ ತಂದಿಟ್ಟ ಮೇಲೆ, ಧೋತರ ಮೊಣಕಾಲಿಗೆ ಕಟ್ಟಿ, ನಡುಮನೆಯಲ್ಲಿ ಎದ್ದು ನಿಂತು, ಕಂಪನಿಯ ಕಳ್ಳ ಹೇಗೆ ರಂಗಕ್ಕೆ ಬರುತ್ತಿದ್ದ ಎಂದು ನಡೆದು ತೋರಿಸಿದರಂತೆ. ಮೂರು ಸಲ. ಅವಳು ಹಿಂದೆ ಹಿಂದೆ ನಡೆದು ಕಲಿತಳಂತೆ.

“ಆ ನಡಿಗೆಯನ್ನು ಈಗಲೂ ಮಕ್ಕಳಿಗೆ ಕಲಿಸುತ್ತೇನೆ ಸರ್. ಆದರೆ ನನ್ನ ಸದಾರಮೆ ಈಗಲೂ ಹೆದರುತ್ತಾಳೆ” ಎಂದಳು.